ಒಂದೇ ಕಡೆ ಬೀಳುವ ಚಕ್ರ

ಹೊಳೆಗೆ ಹೋಗುವ ಬೀದಿಯ ಕೊನೆಯಲ್ಲಿ ಹಯಾತ್ ಸಾಬರ ಗಡಿಯಾರದ ಅಂಗಡಿ. ಅದನ್ನು ದಾಟಿದರೆ ಸ್ನಾನದ ಮೆಟ್ಟಿಲು, ಮೆಟ್ಟಿಲಿನ ಆಚೆ ಸುಡುಗಾಡು.

ಊರಲ್ಲಿ ಯಾರು ಹೋದರೂ ಆ ಬೀದಿಯಲ್ಲೇ ಹೋಗಬೇಕು. ತಮಟೆ ಕೇಳಿಸಿದರೆ ಸಾಬರು ಕೈಯಲ್ಲಿದ್ದ ಚಿಮಟ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದರು. ಹೆಣ ಮುಂದೆ ಹೋದ ಮೇಲೆ ಕೂತು ಕೆಲಸ ಹಿಡಿಯುತ್ತಿದ್ದರು.

ಕಾರ್ಯವೆಲ್ಲ ಮುಗಿದ ಮೇಲೆ ಅದೇ ಮನೆಯವರು ಸತ್ತವರ ಗಡಿಯಾರ ತಂದು ಅವರ ಮುಂದಿಡುತ್ತಿದ್ದರು. ನಿಂತುಹೋಗಿದೆ, ನಡೆಯೋ ಹಾಗೆ ಮಾಡಿಕೊಡಿ ಅನ್ನುತ್ತಿದ್ದರು. ಇನ್ನು ಇದನ್ನು ಕಟ್ಟಿಕೊಳ್ಳುವವರು ಯಾರು ಎಂದು ಸಾಬರು ಯಾವತ್ತೂ ಕೇಳಿದವರಲ್ಲ.

ಕೆಂಪರಾಜು ಈ ಅಂಗಡಿಯ ಬಾಗಿಲಿಗೆ ಬಂದಾಗ ಅವನಿಗೆ ಮೂವತ್ತು ದಾಟಿತ್ತು. ಶಿಷ್ಯನಾಗುವ ವಯಸ್ಸೇನೂ ಅಲ್ಲ. ಹೊಳೆಯ ಮೇಲ್ದಂಡೆಯ ಹಳ್ಳಿಯವನು, ಊರು ಬಿಟ್ಟು ಬಂದಿದ್ದ. ಈ ಕೆಲಸ ಕಲಿಸಿಕೊಡಿ ಅಂದ.

"ಗಡಿಯಾರದ ಕೆಲಸವೇ ಯಾಕೆ?" ಅಂದರು ಸಾಬರು.

"ಇಲ್ಲಿ ಯಾರ ಮುಖಾನೂ ನೋಡಬೇಕಾಗಿಲ್ಲ, ಉಸ್ತಾದ್. ತಲೆ ಬಗ್ಗಿಸಿಕೊಂಡು ಕೂತರಾಯ್ತು."

ಸಾಬರು ಅವನ ಕೈ ಹಿಡಿದು ಬೆರಳುಗಳನ್ನು ತಿರುಗಿಸಿ ನೋಡಿದರು. ನಡುಕವಿರಲಿಲ್ಲ. ಕೈ ಚೆನ್ನಾಗಿದೆ ಅಂದರು. ಪಕ್ಕದಲ್ಲಿ ಅವನಿಗೊಂದು ಮಣೆ ಹಾಕಿಕೊಟ್ಟರು.

ಮೊದಮೊದಲು ಕೊಟ್ಟ ಕೆಲಸ ಒಂದೇ. ಬಿಳಿ ಕಾಗದದ ಮೇಲಿನ ಒಂದು ತಲೆಗೂದಲನ್ನು ಚಿಮಟದಲ್ಲಿ ಎತ್ತಿ ಪಕ್ಕದ ಕಾಗದದ ಮೇಲಿಡುವುದು. ಮತ್ತೆ ಅಲ್ಲಿಂದ ಎತ್ತಿ ಇಲ್ಲಿಡುವುದು. ಕೂದಲು ತುಂಡಾಗಬಾರದು, ಸೊಟ್ಟಗಾಗಬಾರದು. ಮಳೆಗಾಲ ಹೋಗಿ ಚಳಿ ಬಂದರೂ ಕೆಂಪರಾಜು ಕೂದಲನ್ನೇ ಎತ್ತಿ ಇಡುತ್ತಿದ್ದ.

ಬೇರೆಯವನಾಗಿದ್ದರೆ ಚಿಮಟ ಎಸೆದು ಎದ್ದು ಹೋಗುತ್ತಿದ್ದ. ಇವನು ಮಹಾ ಹಟಮಾರಿ. ಹಟಕ್ಕೇ ಕಲಿತ.

ಆಮೇಲೆ ಒಂದೊಂದಾಗಿ ಸಾಮಾನುಗಳು ಅವನ ಕೈಗೆ ಬಂದವು. ಕಣ್ಣಿಗೆ ಕಚ್ಚಿಕೊಳ್ಳುವ ಐಗ್ಲಾಸು. ಎಣ್ಣೆ ಒರೆಸುವ ಬೆಂಡು. ಧೂಳು ತೆಗೆಯುವ ಬ್ರಷ್ಷು. ಉಕ್ಕಿನ ಚಿಮಟ ಬೇರೆ, ಹಿತ್ತಾಳೆಯ ಚಿಮಟ ಬೇರೆ. ಬ್ಯಾಲೆನ್ಸನ್ನು ಹಿತ್ತಾಳೆಯ ಚಿಮಟದಲ್ಲಿ ಮಾತ್ರ ಮುಟ್ಟಬೇಕು.

ಬ್ಯಾಲೆನ್ಸ್ ಅಂದರೆ ಗಡಿಯಾರದೊಳಗೆ ಆಚೆ ಈಚೆ ತೂಗಾಡುವ ಪುಟ್ಟ ಚಕ್ರ. ಸುತ್ತಲೂ ಸಾಸಿವೆಗಿಂತ ಸಣ್ಣ ಸ್ಕ್ರೂಗಳು. ಚಕ್ರದ ಒಂದು ಮಗ್ಗುಲು ಇನ್ನೊಂದಕ್ಕಿಂತ ಒಂದಿಷ್ಟೇ ಭಾರವಾದರೂ ಆಯಿತು, ಗಡಿಯಾರ ಮಲಗಿಸಿದರೆ ಒಂದು ಹೊತ್ತು, ನಿಲ್ಲಿಸಿದರೆ ಇನ್ನೊಂದು ಹೊತ್ತು ತೋರಿಸುತ್ತದೆ.

ಆ ಭಾರ ಎಲ್ಲಿದೆ ಎಂದು ಹಿಡಿಯುವುದಕ್ಕೆ ಒಂದು ಸಾಧನ ಉಂಟು. ಅಂಗೈ ಅಗಲದ ಪೀಠ, ಅದರ ಮೇಲೆ ಎದುರುಬದುರಾಗಿ ಎರಡು ಮಾಣಿಕದ ಅಂಚು. ಚಕ್ರದ ಅಚ್ಚನ್ನು ಆ ಅಂಚುಗಳ ಮೇಲಿಟ್ಟು ಉಸಿರು ಬಿಗಿಹಿಡಿದು ಕೂರಬೇಕು. ಚಕ್ರ ತಾನೇ ತಿರುಗಿ, ಭಾರದ ಮಗ್ಗುಲು ಕೆಳಗೆ ಬಂದು ನಿಲ್ಲುತ್ತದೆ. ಆ ಅಂಗಡಿಯಲ್ಲಿ ಅದನ್ನು ಕಟ್ಟೆ ಅನ್ನುತ್ತಿದ್ದರು. ಹಳ್ಳಿಯ ಪಂಚಾಯ್ತಿ ಕಟ್ಟೆಯ ಹಾಗೆ, ತಪ್ಪು ಯಾವ ಕಡೆ ಅಂತ ಹೇಳುವ ಜಾಗ.

ಕೆಳಗೆ ನಿಂತ ಮಗ್ಗುಲಿನ ಸ್ಕ್ರೂ ಬಿಚ್ಚಿ, ಅದರ ತಲೆಯ ಅಡಿಯನ್ನು ಸಣ್ಣ ಕಟರಿನಿಂದ ಒಂದು ಚೂರು ಕೆರೆದು ಮತ್ತೆ ಕೂರಿಸಬೇಕು. ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುವವರೆಗೆ ಇಷ್ಟೇ ಕೆಲಸ.

ಕೆಂಪರಾಜು ಮೊದಲ ಸಲ ಕಟರು ಹಿಡಿದಾಗ ಸಾಬರು ಅವನ ಕೈ ತಡೆದರು.

"ಕೆರೆಯೋದಕ್ಕೆ ಮುಂಚೆ ಕಟ್ಟೆ ಎತ್ತಿಕೊಂಡು ಜಾಗ ಬದಲಿಸು. ಕಿಟಕಿ ಹತ್ತಿರ ಇಟ್ಟು ನೋಡು. ಹೊಸಲ ಹತ್ತಿರ ಇಟ್ಟು ನೋಡು."

"ಯಾಕೆ, ಉಸ್ತಾದ್?"

"ಭಾರ ಚಕ್ರದ್ದೇ ಆದರೆ ಎಲ್ಲಿಟ್ಟರೂ ಅದೇ ಮಗ್ಗುಲು ಬೀಳುತ್ತೆ."

"ಚಕ್ರದ್ದಲ್ಲದೆ ಇನ್ಯಾರದ್ದು ಇರುತ್ತೆ?"

"ಕೂತಲ್ಲೇ ಕೂತರೆ ಅದು ಗೊತ್ತಾಗಲ್ಲ," ಅಂದರು ಸಾಬರು.

ಇನ್ನೂ ಒಂದು ಕಟ್ಟಳೆ ಇತ್ತು. ಕೆಲಸದ ಮೇಜಿನ ಮೇಲೆ ಫೋನು ಇಡುವಂತಿಲ್ಲ. ಹಳೇ ಚಕ್ರಗಳ ಒಳಬಳೆ ಉಕ್ಕಿನದು, ಫೋನಿನಲ್ಲಿ ಅಯಸ್ಕಾಂತ ಇರುತ್ತೆ, ಎಳೆದುಬಿಡುತ್ತೆ ಅಂತ ಸಾಬರು ಹೇಳಿದ್ದರು. ಕೆಂಪರಾಜುವಿನ ಫೋನಿಗಂತೂ ಪುಸ್ತಕದ ಹಾಗೆ ಮುಚ್ಚುವ ಕವರು, ಮುಚ್ಚಿದರೆ ಟಪ್ ಎಂದು ಕಚ್ಚಿಕೊಳ್ಳುವಂಥದು.

ಶಿಷ್ಯನಿಗೆ ಗುರುವಿನ ಒಂದು ಅಭ್ಯಾಸ ಮಾತ್ರ ಅರ್ಥವಾಗುತ್ತಿರಲಿಲ್ಲ. ಗಡಿಯಾರ ಮುಂದೆ ಓಡಿದ್ದರೆ ಎಲ್ಲರೂ ಮುಳ್ಳನ್ನು ಹಿಂದಕ್ಕೆ ತಿರುಗಿಸುತ್ತಾರೆ. ಸಾಬರು ತಿರುಗಿಸುತ್ತಿರಲಿಲ್ಲ. ಹಿಂದಿನ ಮುಚ್ಚಳ ತೆಗೆದು, ಬ್ರಷ್ಷಿನ ಕೂದಲನ್ನು ಮೆಲ್ಲಗೆ ಚಕ್ರಕ್ಕೆ ಮುಟ್ಟಿಸಿ ಅದನ್ನು ತಡೆದು, ಸರಿಯಾದ ಹೊತ್ತು ಬರುವವರೆಗೆ ಹಾಗೇ ಹಿಡಿದು ಕೂರುತ್ತಿದ್ದರು.

ಇದೇನು ಉಸ್ತಾದ್, ಒಂದು ತಿರುವು ತಿರುಗಿಸಿದರೆ ಆಗೋ ಕೆಲಸಕ್ಕೆ ಅರ್ಧ ಬೆಳಗು ಹಾಳು ಮಾಡ್ತೀರಿ ಅಂತ ಕೆಂಪರಾಜು ರೇಗಿಸುತ್ತಿದ್ದ. ಸಾಬರು ನಕ್ಕು ಬ್ರಷ್ಷು ಹಿಡಿದೇ ಇರುತ್ತಿದ್ದರು.

ಯಾರ ಮುಖವನ್ನೂ ನೋಡಬೇಕಾಗಿಲ್ಲ ಅಂತ ಬಂದವನಿಗೆ ಒಂದು ಮುಖ ಮಾತ್ರ ಬಿಡುತ್ತಿರಲಿಲ್ಲ. ಅದು ಅವನ ಅಣ್ಣ ಹೊಂಬಾಳಯ್ಯನದು.

ಆ ಕಥೆಯನ್ನು ಅವನು ಕೆಲಸ ಮಾಡುತ್ತಾ ಮಾಡುತ್ತಾ ಸಾಬರಿಗೆ ಹೇಳುತ್ತಿದ್ದ. ಕಾಯಿಲೆ ಬಿದ್ದ ಅವ್ವನನ್ನು ಅಣ್ಣ ತನ್ನ ಮನೆಗೆ ಕರೆದುಕೊಂಡು ಹೋದ. ಅವ್ವ ಅಲ್ಲೇ ತೀರಿಕೊಂಡಳು. ಕೂಲಿಗೆ ಬೇರೆ ಕಡೆ ಹೋಗಿದ್ದ ಇವನು ಸುದ್ದಿ ಮುಟ್ಟಿ ಎದ್ದೂ ಬಿದ್ದೂ ಓಡಿಬರುವಷ್ಟರಲ್ಲಿ ಹೊಳೆದಂಡೆಯಲ್ಲಿ ಚಿತೆ ಉರಿಯುತ್ತಿತ್ತು. ಹೆತ್ತವಳ ಮುಖ ಒಂದು ಸಲ ನೋಡುವುದಕ್ಕೂ ಅಣ್ಣ ಕಾಯಲಿಲ್ಲ.

ಇವನು ಏನೂ ಕೇಳಲಿಲ್ಲ. ಒಂದು ಹಿಡಿ ಮಣ್ಣು ತೆಗೆದು ಎಲ್ಲರ ಮುಂದೆ ಅಣ್ಣನ ಮುಖಕ್ಕೆ ತೂರಿದ. ನಿನ್ನ ಹೊಸಲು ತುಳಿದರೆ ನಾನು ಅವ್ವನ ಮಗನೇ ಅಲ್ಲ ಅಂದು ಊರು ಬಿಟ್ಟ. ಮಣ್ಣು ತೂರಿಸಿಕೊಂಡವನು ಮುಖ ಒರೆಸಿಕೊಳ್ಳದೆ ನಿಂತಿದ್ದನಂತೆ.

ಹೇಳಿದಷ್ಟು ಸಲವೂ ಅಣ್ಣ ಇನ್ನಷ್ಟು ಕೆಟ್ಟವನಾಗುತ್ತಿದ್ದ. ಮೊದಲು ಕಾಯದವನು, ಆಮೇಲೆ ಬೇಕೆಂದೇ ಕಾಯದವನು, ಆಮೇಲೆ ಚಿಕ್ಕಂದಿನಿಂದಲೂ ಇವನನ್ನು ಕಂಡರಾಗದವನು. ಹೊಂಬಾಳಯ್ಯ ಇವನನ್ನು ಹೊತ್ತುಕೊಂಡು ಹೊಳೆ ದಾಟಿಸುತ್ತಿದ್ದ ದಿನಗಳು ಕಥೆಯಿಂದ ಯಾವಾಗಲೋ ಬಿದ್ದುಹೋಗಿದ್ದವು.

"ನೀವೇ ಹೇಳಿ ಉಸ್ತಾದ್, ತಪ್ಪು ಯಾರದು?" ಅಂತ ಪ್ರತಿ ಸಲವೂ ಕೇಳುತ್ತಿದ್ದ.

"ನಾನು ಅವರನ್ನ ನೋಡಿಲ್ಲವಲ್ಲಪ್ಪ," ಅನ್ನುತ್ತಿದ್ದರು ಸಾಬರು.

ಆ ಉತ್ತರ ಕೇಳಿದರೆ ಕೆಂಪರಾಜುವಿಗೆ ಮೈ ಉರಿಯುತ್ತಿತ್ತು. ಇಷ್ಟು ವರ್ಷ ಹೇಳಿದರೂ ಈ ಮುದುಕ ತನ್ನ ಕಡೆ ಒಂದು ಮಾತು ಆಡಲಿಲ್ಲವಲ್ಲ ಎಂದು ಒಳಗೊಳಗೇ ಕುದಿಯುತ್ತಿದ್ದ.

ಆ ಅಂಗಡಿಯಲ್ಲಿ ವಿದ್ಯೆ ಮುಗಿಯುವುದಕ್ಕೆ ಒಂದು ಪದ್ಧತಿ ಇತ್ತು. ಶಿಷ್ಯನಾದವನು ಗುರುವಿನ ಸ್ವಂತ ಗಡಿಯಾರ ಬಿಚ್ಚಿ, ಅದರ ಬ್ಯಾಲೆನ್ಸನ್ನು ಕಟ್ಟೆಯ ಮೇಲಿಟ್ಟು ನೋಡಿ, ಭಾರ ಕಂಡರೆ ಸರಿದೂಗಿಸಬೇಕು. ಅದರಲ್ಲಿ ಗೆದ್ದರೆ ಗುರು ತನ್ನ ಹಿತ್ತಾಳೆಯ ಚಿಮಟವನ್ನು ಅವನಿಗೆ ಕೊಡುತ್ತಾನೆ.

ಸಾಬರದು ಜೇಬಿನಲ್ಲಿಡುವ ಹಳೇ ಗಡಿಯಾರ. ಅವರ ಉಸ್ತಾದರು ಸಾಯುವಾಗ ಕೊಟ್ಟದ್ದು. ಅದರ ಚಕ್ರ ಕೆಟ್ಟರೆ ಇನ್ನೊಂದು ಎಲ್ಲಿಯೂ ಸಿಕ್ಕುವುದಿಲ್ಲ. ಅದನ್ನು ಬಿಚ್ಚಿ ಚಕ್ರ ತೆಗೆದಿಡು, ಶುಕ್ರವಾರ ಕೂತು ಮಾಡು ಅಂದಿದ್ದರು.

ಶುಕ್ರವಾರ ಬೆಳಿಗ್ಗೆಯೇ ಅತ್ತಿಗೆ ಸಾಕಮ್ಮನ ಫೋನು ಬಂತು. ಇಷ್ಟು ವರ್ಷಗಳಲ್ಲಿ ಮೊದಲ ಸಲ. ನಿಮ್ಮಣ್ಣನಿಗೆ ಕಾಯಿಲೆ ತುಂಬಾ ಜೋರಾಗಿದೆ, ದೊಡ್ಡಾಸ್ಪತ್ರೆಯವರು ಮನೆಗೆ ಕರ್ಕೊಂಡು ಹೋಗಿ ಅಂದರು, ನಿನಗಾಗಿ ಬಾಗಿಲನ್ನೇ ನೋಡ್ತಿದ್ದಾರೆ, ಬಂದುಬಿಡು ಅಂದಳು.

ಕೆಂಪರಾಜು ಎದ್ದು ಬಾಗಿಲವರೆಗೂ ಹೋದ. ಬಾಯಿಗೆ ಬಂದದ್ದು ಮಾತ್ರ ಬೇರೆ.

"ನಾನು ಬೇಕಾಗಿದ್ರೆ ಅವನೇ ಫೋನು ಮಾಡಲಿ."

ಸಾಕಮ್ಮ ಏನೋ ಹೇಳಲು ಹೊರಟಿದ್ದಳು. ಇವನು ಇಟ್ಟುಬಿಟ್ಟ.

ಆದರೆ ಕಾಯತೊಡಗಿದ. ಅಣ್ಣ ಒಂದು ಮಾತು ಕರೆದರೆ ಸಾಕು, ಹೋಗಿಬಿಡುತ್ತೇನೆ ಅಂದುಕೊಂಡ. ಕರೆಯದೆ ಮಾತ್ರ ಹೋಗಲಾರೆ. ಮೇಜಿನ ಮೇಲೆ ಫೋನು ಇಡುವ ಹಾಗಿರಲಿಲ್ಲ. ಮೇಜಿನ ಡ್ರಾಯರಿನಲ್ಲಿಟ್ಟು, ಕೇಳಿಸಲಿ ಅಂತ ಒಂಚೂರು ಸಂದು ಬಿಟ್ಟ. ಡ್ರಾಯರಿನ ನೇರ ಮೇಲೆ ಕಟ್ಟೆ ಇತ್ತು.

ಮಧ್ಯಾಹ್ನ ಸಾಬರು ನಮಾಜಿಗೆ ಹೊರಟರು. ಹೋಗುವ ಮುಂಚೆ ಶಿಷ್ಯನ ಮುಖ ನೋಡಿ, ಮನಸ್ಸು ಸರಿಯಿಲ್ಲದಿದ್ದರೆ ಇವತ್ತು ಬೇಡ, ನಾಳೆ ಮಾಡು ಅಂದರು. ಏನಿಲ್ಲ ಉಸ್ತಾದ್, ಮಾಡ್ತೀನಿ ಅಂದ ಇವನು.

ಒಬ್ಬನೇ ಕೂತು ಚಕ್ರವನ್ನು ಮಾಣಿಕದ ಅಂಚಿನ ಮೇಲಿಟ್ಟ. ಚಕ್ರ ಮೆಲ್ಲಗೆ ತಿರುಗಿ ಒಂದು ಮಗ್ಗುಲು ಕೆಳಗೆ ಬಂದು ನಿಂತಿತು. ಸ್ಕ್ರೂ ಬಿಚ್ಚಿದ, ತಲೆಯಡಿ ಒಂದು ಚೂರು ಕೆರೆದ, ಮತ್ತೆ ಕೂರಿಸಿದ. ಅದೇ ಮಗ್ಗುಲು ಬಿತ್ತು.

ಇನ್ನೊಂದು ಚೂರು ಕೆರೆದ. ಅದೇ ಮಗ್ಗುಲು.

ಜಾಗ ಬದಲಿಸಿ ನೋಡು ಅನ್ನುವ ಮಾತು ನೆನಪಾಗದೆ ಇರಲಿಲ್ಲ. ಡ್ರಾಯರು ಬಿಟ್ಟು ಏಳಲು ಮನಸ್ಸು ಬರಲಿಲ್ಲ. ಕಣ್ಣಿಗೇ ಕಾಣುತ್ತಿದೆಯಲ್ಲ, ಬೀಳುತ್ತಿರುವುದು ಇದೇ ಮಗ್ಗುಲು, ಇನ್ನು ನೋಡುವುದೇನಿದೆ ಅಂದುಕೊಂಡ.

ಆಗ ಫೋನು ಕೂಗಿತು.

ಅವನು ಚಿಮಟ ಎಸೆದ ಹಾಗೆ ಇಟ್ಟು ಡ್ರಾಯರು ಎಳೆದ. ಅಣ್ಣನ ನಂಬರಲ್ಲ, ಅತ್ತಿಗೆಯದು. ಮತ್ತೆ ಇವಳ ಕೈಲೇ ಮಾಡಿಸುತ್ತಿದ್ದಾನೆ, ತಾನಾಗಿ ಬಾಯಿ ಬಿಟ್ಟು ಕರೆಯುವುದಕ್ಕೆ ಇವನಿಗೆ ಈಗಲೂ ಆಗುವುದಿಲ್ಲ ಅಂದುಕೊಂಡ. ಕೂಗಿ ಕೂಗಿ ಫೋನು ಸುಮ್ಮನಾಯಿತು. ಕವರು ಟಪ್ ಎಂದು ಮುಚ್ಚಿ ಡ್ರಾಯರು ತಳ್ಳಿದ.

ಆಮೇಲೆ ಕೆರೆದದ್ದು ಸಿಟ್ಟಿನಲ್ಲಿ. ಚೂರು ಚೂರಾಗಿ ಅಲ್ಲ, ಕಟರು ಒತ್ತಿ ಒತ್ತಿ ಕೆರೆದ. ಎಷ್ಟು ಕೆರೆದರೂ ಬೀಳುವುದು ಅದೇ ಮಗ್ಗುಲು. ನೋಡಿದೆಯಾ, ನೋಡಿದೆಯಾ ಎಂದು ಗೊಣಗುತ್ತಿದ್ದ. ಚಕ್ರಕ್ಕೆ ಹೇಳುತ್ತಿದ್ದನೋ ಅಣ್ಣನಿಗೋ ಅವನಿಗೇ ಗೊತ್ತಿರಲಿಲ್ಲ.

ಸಾಬರು ಬಂದರು. ಟೋಪಿ ತೆಗೆದು ಗೂಟಕ್ಕೆ ಹಾಕಿ ಮೇಜಿನ ಹತ್ತಿರ ನಿಂತರು. ಬಿಳಿ ಕಾಗದದ ಮೇಲೆ ಹಿತ್ತಾಳೆಯ ಪುಡಿ ಬಿದ್ದಿತ್ತು. ಒಂದು ಚಕ್ರದಿಂದ ಬೀಳಬೇಕಾದ್ದಕ್ಕಿಂತ ಬಹಳ ಜಾಸ್ತಿ.

"ಎಷ್ಟು ಕೆರೆದರೂ ಇದೇ ಮಗ್ಗುಲು ಬೀಳ್ತಾ ಇದೆ, ಉಸ್ತಾದ್. ಈ ಚಕ್ರವೇ ಸರಿಯಿಲ್ಲ."

"ಜಾಗ ಬದಲಿಸಿದೆಯಾ?"

ಕೆಂಪರಾಜು ಕಟರು ಕೆಳಗಿಟ್ಟು ಮೇಜಿನಿಂದ ಸರಿದ.

ಸಾಬರು ಹಿತ್ತಾಳೆಯ ಚಿಮಟದಲ್ಲಿ ಚಕ್ರ ಎತ್ತಿದರು. ಇನ್ನೊಂದು ಕೈಯಲ್ಲಿ ಕಟ್ಟೆ ತೆಗೆದುಕೊಂಡು ಹೊಸಲ ಹತ್ತಿರದ ಹಲಗೆಯ ಮೇಲಿಟ್ಟರು. ಚಕ್ರವನ್ನು ಅಂಚಿನ ಮೇಲೆ ಕೂರಿಸಿ ಉಸಿರು ಬಿಗಿಹಿಡಿದರು.

ಚಕ್ರ ತಿರುಗಿತು. ಕೆರೆದ ಮಗ್ಗುಲು ಮೆಲ್ಲಗೆ ಮೇಲೆದ್ದು, ನೆತ್ತಿಗೆ ಹೋಗಿ ನಿಂತಿತು.

ಸಾಬರು ಕಟ್ಟೆಯನ್ನು ಮತ್ತೆ ಮೇಜಿಗೆ ತಂದಿಟ್ಟರು. ಕೆರೆದ ಮಗ್ಗುಲು ಉರುಳಿ ಕೆಳಗೆ ಬಿತ್ತು. ಅವರು ಬಗ್ಗಿ ಡ್ರಾಯರು ಎಳೆದು ಫೋನು ಹೊರಗೆ ತೆಗೆದರು.

"ಮೇಜಿನ ಮೇಲೆ ಇಡಬೇಡ ಅಂದಿದ್ರಿ," ಅಂದ ಕೆಂಪರಾಜು. "ಅದಕ್ಕೇ ಡ್ರಾಯರಿನಲ್ಲಿಟ್ಟೆ."

ಹೇಳಿದ ಮೇಲೆ ಆ ಮಾತು ಅವನಿಗೇ ಅಸಹ್ಯವಾಯಿತು.

ಸಾಬರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸತ್ತುಹೋದ ತಮ್ಮ ಗುರುವಿನ ಚಕ್ರವನ್ನು ಐಗ್ಲಾಸಿನಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು, "ಯಾರ ಫೋನಿಗೆ ಕಾಯ್ತಿದ್ದೆ?"

ಕೆಂಪರಾಜು ಬೆಳಗಿನಿಂದ ಆದದ್ದನ್ನೆಲ್ಲ ಹೇಳಿದ. ಈ ಸಲ ಕಥೆಗೆ ಏನೂ ಸೇರಿಸಲಿಲ್ಲ.

"ಇನ್ನೂ ಬಸ್ಸಿದೆ," ಅಂದರು ಸಾಬರು.

"ಅವನು ಕರೆದಿಲ್ಲವಲ್ಲ, ಉಸ್ತಾದ್. ಕರೆಯದೆ ಹೇಗೆ ಹೋಗಲಿ?"

ಸಾಬರು ಫೋನು ಅವನ ಕೈಗೆ ಕೊಟ್ಟು ಬಾಗಿಲು ಬಿಟ್ಟು ಪಕ್ಕಕ್ಕೆ ನಿಂತರು.

"ಜಾಗ ಬದಲಿಸಿ ನೋಡು."

ಹೊಳೆಯ ಮೇಲ್ದಂಡೆಯ ಹಳ್ಳಿಗೆ ಅವನು ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಅಣ್ಣನ ಮನೆಯ ಬಾಗಿಲು ಹಾರುಹೊಡೆದಿತ್ತು, ಒಳಗೆ ಒಬ್ಬರೂ ಇರಲಿಲ್ಲ. ಜಗುಲಿಯ ಮೇಲೆ ಕೂತಿದ್ದ ಮುದುಕಿಯೊಬ್ಬಳು ಹೊಳೆಯ ಕಡೆ ಕೈ ತೋರಿಸಿದಳು.

ಅವನು ಓಡಿದ. ಅವ್ವ ಸತ್ತಾಗ ಓಡಿದ ದಾರಿಯೇ ಅದು. ಈ ಸಲವೂ ಹೊಗೆ ಕಾಣುತ್ತದೆ ಅಂದುಕೊಂಡೇ ಓಡಿದ.

ಹೊಗೆ ಇರಲಿಲ್ಲ. ಮರಳಿನ ಮೇಲೆ ಸೌದೆ ಒಟ್ಟಿ ಸಿದ್ಧವಾಗಿತ್ತು. ಚಟ್ಟ ಇನ್ನೂ ಕೆಳಗೇ ಇತ್ತು. ಅದರ ಪಕ್ಕದಲ್ಲಿ ಸಾಕಮ್ಮ ಚಟ್ಟದ ಬಿದಿರನ್ನು ಎರಡು ಕೈಯಲ್ಲೂ ಹಿಡಿದು ಕೂತಿದ್ದಳು. ಹೊತ್ತು ಮುಳುಗಿಬಿಡುತ್ತೆ, ಇನ್ನೆಷ್ಟು ಹೊತ್ತು ಇದು ಎಂದು ಹಿರಿಯರು ಗೊಣಗುತ್ತಿದ್ದರು. ಅವಳು ಬಿದಿರು ಬಿಟ್ಟಿರಲಿಲ್ಲ.

ಇವನನ್ನು ಕಂಡು ಅವಳು ಅಣ್ಣನ ಮುಖದ ಮೇಲಿನ ಬಟ್ಟೆ ಸರಿಸಿದಳು.

"ನೋಡ್ಕೋ," ಅಂದಳು. "ನಿನಗೆ ಮುಖ ತೋರಿಸದೆ ಬೆಂಕಿ ಇಡಬೇಡಿ ಅಂದಿದ್ರು. ಬಾಯಿ ಬಿದ್ದುಹೋಗೋಕೆ ಮುಂಚೆ ಆಡಿದ ಕಡೇ ಮಾತು ಅದು."

"ಬಾಯಿ ಬಿದ್ದುಹೋಗಿತ್ತಾ?"

"ಅದನ್ನ ಹೇಳೋಕೆ ಬಾಯಿ ತೆಗೆದೆ. ನೀನು ಅವನೇ ಮಾಡಲಿ ಅಂತ ಇಟ್ಟುಬಿಟ್ಟೆ. ಪ್ರಾಣ ಹೋದ ಮೇಲೆ ಇನ್ನೊಂದು ಸಲ ಮಾಡಿದೆ, ಎತ್ತಲಿಲ್ಲ. ಬಂದೇ ಬರ್ತಾನೆ ಅಂತ ಕಾದ್ವಿ."

ಕೆಂಪರಾಜು ಮರಳಿನ ಮೇಲೆ ಕುಸಿದು ಕೂತ. ಇಷ್ಟು ವರ್ಷ ಸಾಬರ ಮುಂದೆ ಹೇಳಿಕೊಂಡು ಬಂದ ಪ್ರಶ್ನೆಯನ್ನು ಕೇಳಬೇಕಾದವರಿಗೆ ಕೇಳಿದ್ದು ಆವತ್ತೇ ಮೊದಲು.

"ಅವ್ವನಿಗೆ ಯಾಕೆ ಕಾಯಲಿಲ್ಲ, ಅತ್ತಿಗೆ?"

ಸಾಕಮ್ಮ ಅವನನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ, ಸುಸ್ತಾಗಿದ್ದಳು ಅಷ್ಟೆ. ಅವತ್ತು ಅಣೆಕಟ್ಟೆಯ ಬಾಗಿಲು ತೆಗೆದಿದ್ದರು ಅಂದಳು. ನೀರು ಏರಿ ಏರಿ ಇದೇ ಮರಳನ್ನು ಮುಟ್ಟಿತ್ತು. ತಮ್ಮ ಬರಲಿ ಅಂತ ಹೊಂಬಾಳಯ್ಯ ಎಲ್ಲರ ಕೈಕಾಲು ಹಿಡಿದ. ಹೆಣ ಹೊಳೆಪಾಲಾದರೆ ಏನು ಮಾಡ್ತೀಯ ಅಂತ ಊರವರೇ ಅವನ ಕೈ ಹಿಡಿದು ಬೆಂಕಿ ಇಡಿಸಿದರು.

"ಇದನ್ನ ನಿನಗೆ ಹೇಳಬೇಕು ಅಂತ ಅವರು ದಾರಿಗೆ ಬಂದು ನಿಂತಿದ್ರು," ಅಂದಳು. "ನೀನು ಬಂದವನೇ ಮಣ್ಣು ತೂರಿದೆ. ಆಮೇಲೆ ಯಾವ ಬಾಯಲ್ಲಿ ಹೇಳ್ತಾರೆ, ನೀನೇ ಹೇಳು."

ಕೆಂಪರಾಜು ಕೈಚಾಚಿ ಅಣ್ಣನ ಮುಖ ಮುಟ್ಟಿದ. ಹಣೆಯಿಂದ ಗದ್ದದವರೆಗೆ ಅಂಗೈಯಿಂದ ಒರೆಸಿದ. ಒರೆಸುವಂಥದ್ದು ಅಲ್ಲಿ ಏನೂ ಇರಲಿಲ್ಲ. ಆದರೂ ಒರೆಸುತ್ತಲೇ ಇದ್ದ. ಕೊನೆಗೆ ಹಿರಿಯರು ಅವನನ್ನು ಎಬ್ಬಿಸಿ ಪಕ್ಕಕ್ಕೆ ಕೂರಿಸಬೇಕಾಯಿತು. ಅವನು ಅಷ್ಟು ಜೋರಾಗಿ ಅತ್ತದ್ದನ್ನು ಊರವರು ಯಾವತ್ತೂ ಕಂಡಿರಲಿಲ್ಲ.

ಕಾರ್ಯವೆಲ್ಲ ಮುಗಿದ ಮೇಲೆ ಅವನು ಅಂಗಡಿಗೆ ಬಂದ. ಫೋನನ್ನು ಎದುರಿನ ಚಹಾ ಅಂಗಡಿಯಲ್ಲಿ ಬಿಟ್ಟು ಬಂದಿದ್ದ. ಸಾಬರು ಅವನ ಮುಖ ನೋಡಿ ಕೂತ್ಕೋ ಅಂದರು.

"ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ, ಉಸ್ತಾದ್. ಹೇಳಿ ಹೋಗೋಣ ಅಂತ ಬಂದೆ."

ಸಾಬರು ಗಾಜಿನ ಮುಚ್ಚಳ ಎತ್ತಿದರು. ಚಕ್ರ ಅವನು ಬಿಟ್ಟು ಹೋದ ಹಾಗೇ ಇತ್ತು. ಕಟ್ಟೆಯನ್ನೂ ಹಿತ್ತಾಳೆಯ ಚಿಮಟವನ್ನೂ ಅವನ ಕಡೆ ತಳ್ಳಿದರು.

ಕೆಂಪರಾಜು ಕೈ ತೊಳೆದು ಬಂದ. ಮೇಜಿನ ಮೇಲಿಟ್ಟು ನೋಡಿದ. ಕಟ್ಟೆ ಎತ್ತಿಕೊಂಡು ಕಿಟಕಿಗೆ ಹೋಗಿ ನೋಡಿದ. ಹೊಸಲಿಗೆ ಹೋಗಿ ನೋಡಿದ. ಎಲ್ಲಿಟ್ಟರೂ ಕೆರೆದ ಮಗ್ಗುಲು ಮೇಲೆ, ಎದುರು ಮಗ್ಗುಲು ಕೆಳಗೆ.

"ಇದರಲ್ಲಿ ಮೊದಲು ಭಾರವೇ ಇರಲಿಲ್ಲ ಅಲ್ವಾ, ಉಸ್ತಾದ್?"

"ಇರಲಿಲ್ಲ."

"ಈಗ ಇದೆ."

"ಈಗ ಇದೆ," ಅಂದರು ಸಾಬರು.

"ಕೆರೆದದ್ದನ್ನ ಮತ್ತೆ ಹಚ್ಚೋಕಾಗಲ್ವಾ?"

ಪುಡಿ ಆಗಿದ್ದು ಪುಡಿಯೇ ಅಂದರು ಸಾಬರು. ಸ್ಕ್ರೂ ಅಡಿಗೆ ತೆಳು ತಗಡಿನ ಬಿಲ್ಲೆ ಹಾಕಿ ತೂಕ ತುಂಬಿಸಬಹುದು, ಗಿರಾಕಿಯದಾಗಿದ್ದರೆ ತಾವೇ ಹಾಕಿಕೊಡುತ್ತಿದ್ದರಂತೆ. ಇದಕ್ಕೆ ಬೇಡ, ಎದುರು ಮಗ್ಗುಲನ್ನೂ ಅಷ್ಟೇ ಕೆರೆ ಅಂದರು.

ಆವತ್ತು ಅವನು ಕೆರೆದದ್ದನ್ನು ನೋಡಬೇಕಿತ್ತು. ಒಂದು ಚೂರು ಕೆರೆಯುವುದು, ಕಟ್ಟೆ ಎತ್ತಿಕೊಂಡು ಕಿಟಕಿಗೆ ಹೋಗುವುದು, ಹೊಸಲಿಗೆ ಹೋಗುವುದು, ಬಂದು ಕೂತು ಕಣ್ಣೊರೆಸಿಕೊಂಡು ಮತ್ತೆ ಒಂದು ಚೂರು. ನಡುವೆ ಬೀದಿಯಲ್ಲಿ ತಮಟೆ ಕೇಳಿಸಿತು. ಸಾಬರು ಎದ್ದು ನಿಂತರು. ಅವನೂ ಚಿಮಟ ಕೆಳಗಿಟ್ಟು ಎದ್ದು ನಿಂತ.

ಸಂಜೆಯ ಹೊತ್ತಿಗೆ ಚಕ್ರ ಎಲ್ಲಿ ಬಿಟ್ಟರೆ ಅಲ್ಲೇ ನಿಂತಿತು. ಗಡಿಯಾರ ಜೋಡಿಸಿ ಕೀ ಕೊಟ್ಟ. ನಡೆಯಿತು. ಮಲಗಿಸಿದರೂ ನಿಲ್ಲಿಸಿದರೂ ಒಂದೇ ಸಮನೆ ನಡೆಯಿತು. ಸಾಬರು ಕಿವಿಗೆ ಹಿಡಿದು ಕೇಳಿ ತಲೆಯಾಡಿಸಿದರು.

ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಗಡಿಯಾರ ಮುಂದೆ ಓಡಿತ್ತು.

"ಚಕ್ರ ಹಗುರಾಗಿಬಿಟ್ಟಿದೆ, ಉಸ್ತಾದ್. ಅದಕ್ಕೇ ಜೋರಾಗಿ ಓಡ್ತಿದೆ. ನಿಮ್ಮ ಗಡಿಯಾರ ನಾನು ಹಾಳು ಮಾಡಿದೆ."

"ನನ್ನದಲ್ಲ," ಅಂದರು ಸಾಬರು. ಗಡಿಯಾರವನ್ನೂ ಹಿತ್ತಾಳೆಯ ಚಿಮಟವನ್ನೂ ಅವನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು. "ಇನ್ನು ನಿನ್ನದು. ಮುಂದೆ ಇನ್ನೊಬ್ಬನಿಗೆ ಕೊಡೋವರೆಗೂ ನಿನ್ನ ಹತ್ತಿರ ಇರಲಿ."

ಕೆಂಪರಾಜು ಬೆರಳು ಬಿಚ್ಚಿ ಗಡಿಯಾರ ನೋಡಿದ. ಸರಿಯಾದ ಹೊತ್ತು ತೋರಿಸದ ಈ ಗಡಿಯಾರ ಇಟ್ಟುಕೊಂಡು ನಾನೇನು ಮಾಡಲಿ ಅಂತ ಕೇಳಿದ. ದಿನಾ ಬೆಳಿಗ್ಗೆ ಮುಳ್ಳು ಹಿಂದಕ್ಕೆ ತಿರುಗಿಸುತ್ತಾ ಕೂರಬೇಕಾ ಅಂದ.

ಸಾಬರು ಮೇಜಿನ ಮೇಲಿದ್ದ ಕೂದಲಿನ ಬ್ರಷ್ಷನ್ನು ಎತ್ತಿ ಅವನ ಮುಂದಿಟ್ಟರು.

"ತಿರುಗಿಸಬೇಡ. ಚಕ್ರ ತಡೆದು, ಕೈಯಲ್ಲಿ ಹಿಡಕೊಂಡು ಕೂತಿರು. ಮುಂದೆ ಓಡಿದ್ದು ಕಾಯಲಿ, ಹಿಂದೆ ಬರೋನು ಬಂದು ಸೇರಲಿ."